ಹೊಸ ಸುತ್ತಿಗೆಯ ಉದ್ಘಾಟನೆ

ಸಯನ್, ಮುಂಬಯಿ
೧೨-೧೨-೧೯೫೬

ತೀರ್ಥರೂಪ ಸಮಾನರಾದ ಅಣ್ಣನವರಿಗೆ ಬಸವಂತನ ನಮಸ್ಕಾರಗಳು.

ತಾವು ಕಮ್ಮಾರರಿಂದ ಮಾಡಿಸಿ ಕಳಿಸಿದ ಸುತ್ತಿಗೆಯ ಉದ್ಘಾಟನೆ, ಕಳೆದ ತಿಂಗಳ ಕೊನೆಯ ರವಿವಾರ, ಮಲಾಡಿನ ಕಲ್ಲುಗಣಿಯಲ್ಲಿ ವಿಜೃಂಭಣೆಯಿಂದ ನೆರವೇರಿತೆಂದು ತಿಳಿಸಲು ಹರ್ಷಿಸುತ್ತೇನೆ. ನಮ್ಮ ಭೂಗರ್ಭಶಾಸ್ತ್ರದ ಇಡೀ ತರಗತಿ ಹಾಜರಿತ್ತು.

ಉಳಿ ಮರೆತು ಹೋಗಿದ್ದೆ. ಸುತ್ತಿಗೆಯ ಚೂಪು ತುದಿಯನ್ನೇ ಉಳಿಯಂತೆ ಕಲ್ಲಿನ ಬಿರುಕಿಗೆ ಹಿಡಿದೆ. ಗೆಳೆಯ ಶಂಕ್ರೆಪ್ಪ ತನ್ನ ಸುತ್ತಿಗೆಯಿಂದ ಅದರ ಮೇಲೆ ಹೊಡೆದ. ಉಕ್ಕಿನ ಮೇಲೆ ಉಕ್ಕು ಹೊಡೆಯಬಾರದೆಂದು ಮೊದಲ ಪಾಠದಲ್ಲೇ ಹೇಳಿದ್ದರು. ಕಲ್ಲು ಒಡೆಯಲಿಲ್ಲ, ಉಕ್ಕಿನ ಚೂರೊಂದು ಸಿಡಿದು ನನ್ನ ಎಡಗಣ್ಣಿಗೆ ಹೊಕ್ಕಿತು. ತಪ್ಪು ತಮ್ಮ ಸುತ್ತಿಗೆಯದಲ್ಲ, ಅದನ್ನು ಉಳಿ ಅಂದುಕೊಂಡವನದು.

ಶಂಕ್ರೆಪ್ಪ ದಿನಾ ಆಸ್ಪತ್ರೆಗೆ ಬಂದು ಅಳುತ್ತಾನೆ. “ಅಳಬ್ಯಾಡೋ ಮಾರಾಯಾ, ಮೈಕ್ರೋಸ್ಕೋಪಿನಾಗ ನೋಡಾಕ ಒಂದ ಕಣ್ಣು ಸಾಕು. ಇನ್ನೊಂದು ಹ್ಯಾಂಗೂ ಮುಚ್ಚಬೇಕಲ್ಲ!” ಎಂದೆ. ಅವನು ನಗಲಿಲ್ಲ.

ನಿನ್ನೆಯಿಂದ ಬಲಗಣ್ಣೂ ಮಂಜಾಗುತ್ತಿದೆ. ಕೆಟ್ಟ ಕಣ್ಣನ್ನು ಕೂಡಲೇ ತೆಗೆಯದಿದ್ದರೆ ಒಳ್ಳೆಯದೂ ಹೋಗುತ್ತದೆ ಎನ್ನುತ್ತಾರೆ ಡಾಕ್ಟರು. ನನಗೆ ಹದಿನೇಳೇ ಆದ್ದರಿಂದ ಹಿರಿಯರ ಒಪ್ಪಿಗೆ ಬೇಕಂತೆ.

ಅವ್ವನಿಗೆ ಉದ್ಘಾಟನೆಯವರೆಗೆ ಮಾತ್ರ ಓದಿ ಹೇಳಿರಿ.

ಇದರೊಂದಿಗಿರುವ ಕಾಗದಕ್ಕೆ ಸಹಿ ಹಾಕಿ ಇವತ್ತೇ ಅಂಚೆಗೆ ಹಾಕಿರಿ. ಸಹಿಯ ಜಾಗಕ್ಕೆ ಪೆನ್ಸಿಲ್ ಗುರುತು ಮಾಡಿದ್ದೇನೆ. ಗುರುತು ಸಾಲು ತಪ್ಪಿದ್ದರೆ, ಸರಿಯಾದ ಜಾಗವನ್ನು ತಾವೇ ನೋಡಿಕೊಳ್ಳಿರಿ.

ತಮ್ಮ ತಮ್ಮ,
ಬಸವಂತಪ್ಪ