ಹಿಮ್ಮಡಿಯ ಮೇಲಿನ ಅಕ್ಷರ

೧೫ ನವೆಂಬರ್ ೧೯೬೮, ಶುಕ್ರವಾರ

ಮಳೆ. ಫುಟ್‌ಬಾಲ್ ಮೈದಾನ ಕೆಸರುಗದ್ದೆ. ನಾಳೆ ಅಡಿಯಲ್ಲಿ ಉದ್ದ ಸ್ಟಡ್ ಮೊಳೆಯಿರುವ ಬೂಟೇ ಗತಿ. ರಿಮ್ಮರನ ತೊಡೆ ಇನ್ನೂ ಬಿಗಿ. ಬಿಸಿನೀರು, ಎಣ್ಣೆ, ತಿಕ್ಕು, ಅವನ ನರಳಾಟ, ನನ್ನ ಬೈಗುಳ. ಬೂಟು ಕೋಣೆಯ ಒಡೆದ ಕಿಟಕಿಗೆ ಕಡೆಗೂ ಗಾಜು ಬಂತು. ಹಳೆಯದಕ್ಕೆ ಬಿಳಿ ಬಣ್ಣ ಬಳಿದಿತ್ತು, ಗುಹೆ ಹೊಕ್ಕಂತಿತ್ತು. ಇನ್ನು ಮೇಲೆ ಯಾವ ಬೂಟು ಯಾರದೆಂದು ತಡಕಾಡಬೇಕಿಲ್ಲ.

ಗ್ಯಾಫರ್, ಅಂದರೆ ಮ್ಯಾನೇಜರ್ ಪಿಕಪ್, ಬೆಳಿಗ್ಗೆ ಕರೆದು ನಾಳೆ ಆಡುವ ಹನ್ನೊಂದು ಜನರನ್ನು ಹೇಳಿದರು. ಅವರು ಬಂದಾಗಿನಿಂದ ಇದೇ ಕಾನೂನು. ಶುಕ್ರವಾರ ಕೋಚ್ ಆದ ನನಗೊಬ್ಬನಿಗೆ, ಆಟಗಾರರಿಗೆ ಶನಿವಾರ ಊಟವಾದ ಮೇಲೆ. ಎದುರಾಳಿಗೆ ವಾಸನೆ ಬಡಿಯಬಾರದಂತೆ. ಕಾಲ್ಡರ್ವಿಕ್ ಟೌನಿನಂಥ ಮೂರನೇ ಡಿವಿಷನ್ ತಂಡದ ವಾಸನೆ ಯಾರಿಗೆ ಬೇಕೋ! ಆದರೂ ನಾನು ಬಾಯಿ ಬಿಡುವವನಲ್ಲ. ಬೀಗ ಹಾಕಿಕೊಂಡೇ ಬೂಟು ಜೋಡಿಸಿದೆ. ಕಿಟಕಿಯ ಹಲಗೆಯ ಮೇಲೆ, ಒಂದರಿಂದ ಹನ್ನೊಂದು, ಅಂಗಿಯ ನಂಬರಿನ ಸಾಲಿನಲ್ಲೇ, ಮೂತಿ ಒಳಗೆ. ಹಳೆಯ ಕೋಚ್ ಕಲಿಸಿದ ಶಿಸ್ತು. ಹಿಮ್ಮಡಿಯ ಮೇಲೆ ಅವರವರ ಹೆಸರಿನ ಮೊದಲಕ್ಷರ, ಬಿಳಿ ಬಣ್ಣದಲ್ಲಿ, ನನ್ನದೇ ಕೈ.

ಬಾಗಿಲಿಗೆ ಒದೆತ. ಕ್ಲೆಮ್. ಗೋಲ್‌ಕೀಪರ್ ಆದವನಿಗೆ ಕೈಯಿದ್ದೂ ಬಾಗಿಲು ಬಡಿಯುವುದು ಕಾಲಲ್ಲೇ.

“ತೆಗಿಯೋ ಮುದುಕ. ಟೀ ಆರೋಗತ್ತೆ.”

ಅವನೊಬ್ಬನಿಗೆ ಬೀಗ ತೆಗೆಯುತ್ತೇನೆ. ಹನ್ನೊಂದು ವರ್ಷ ಒಟ್ಟಿಗೆ ಆಡಿದ್ದು. ನಾನು ಎಡ ಬ್ಯಾಕ್, ಅವನು ನನ್ನ ಬೆನ್ನ ಹಿಂದೆ ಗೋಲಿನಲ್ಲಿ. ಹಲಗೆ ನೋಡಿದ, ನಕ್ಕ. “ರಿಮ್ಮರ್ ಹೊರಗೆ. ಡಾಯ್ಲ್ ಒಳಗೆ. ದೇವರೇ ಕಾಪಾಡ್ಬೇಕು.” ಬೂಟಿನ ಸಾಲು ಓದಲು ಬರುವ ಆಟಗಾರ ಅವನೊಬ್ಬನೇ.

೨೯ ನವೆಂಬರ್, ಶುಕ್ರವಾರ

ಸಂಜೆ ಪತ್ರಿಕೆಯಲ್ಲಿ ನಾಳೆಯ ಟೀಮು. ಹನ್ನೊಂದಕ್ಕೆ ಹನ್ನೊಂದೂ ಸರಿ. ಕಳೆದ ವಾರವೂ ಹೀಗೇ ಆಗಿತ್ತು, ವರದಿಗಾರ ಫಾದರ್‌ಗಿಲ್ ಅದೃಷ್ಟವಂತ ಅಂದುಕೊಂಡೆ. ಆ ಪತ್ರಿಕೆಯವನಿಗೆ ಚೆಂಡು ಉದ್ದವೋ ದುಂಡೋ ಗೊತ್ತಿಲ್ಲ, ಟೀಮು ಮಾತ್ರ ಗೊತ್ತು.

ಗ್ಯಾಫರ್ ಪತ್ರಿಕೆಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. “ನಾರ್ಮನ್, ಇದು ಗೊತ್ತಿದ್ದಿದ್ದು ನಂಗೆ, ನಿಂಗೆ.” ಅಷ್ಟೇ. ಅನ್ನದಿದ್ದದ್ದೇ ಕೆಟ್ಟದಾಗಿತ್ತು.

ಕ್ಲೆಮ್‌ನ ಹೆಸರು ಹೇಳಲಿಲ್ಲ. ಯಾಕೆ ಹೇಳಲಿ.

೬ ಡಿಸೆಂಬರ್

ಮತ್ತೆ ಸರಿ.

ಈ ವಾರ ಎಲ್ಲರ ಮೇಲೂ ಕಣ್ಣಿಟ್ಟೆ. ಅಂಗಿ ಒಗೆಯುವ ಮಿಸೆಸ್ ಕ್ಲೆಗ್. ಬಸ್ ಡ್ರೈವರ್. ಛೇರ್ಮನ್‌ರ ಅಳಿಯ — ಅವನು ನನ್ನನ್ನು ಕಂಡೊಡನೆ ಸಿಗರೇಟು ಆರಿಸಿದ, ಯಾಕೆ?

ರಾತ್ರಿ ಊಟಕ್ಕೆ ಕೂತಾಗ ಎಡ್ನಾಗೆ ಹೇಳಿದೆ. “ನಿಂಗೆ ನಮ್ಮ ಮದುವೆ ದಿನ ಪಾದ್ರಿ ಮೇಲೂ ಅನುಮಾನ ಇತ್ತು,” ಅಂದಳು. “ಆಲೂಗಡ್ಡೆ ತಿನ್ನು. ಅದು ಯಾರ ಹತ್ರಾನೂ ಏನೂ ಹೇಳಿಲ್ಲ.”

ನಗಬಹುದು. ಅನುಮಾನವೇ ನನ್ನ ಹೊಟ್ಟೆಪಾಡು. ಹತ್ತೊಂಬತ್ತಕ್ಕೆ ಮೊದಲ ಪಂದ್ಯ ಆಡಿದ ದಿನವೇ ಹೇಳಿಕೊಟ್ಟಿದ್ದರು. ಚೆಂಡು ತರುವವನ ಕಾಲು ನೋಡಬೇಡ, ಕಾಲು ಸುಳ್ಳು ಹೇಳುತ್ತದೆ. ಸೊಂಟ ನೋಡು. ಸೊಂಟ ತಿರುಗಿದ ಕಡೆಗೇ ಮನುಷ್ಯ ಹೋಗುತ್ತಾನೆ. ಮೊಣಕಾಲು ಕೈಕೊಡುವವರೆಗೂ ಅದೇ ಮಂತ್ರ. ಈಗ ನಾನು ಹುಡುಗರಿಗೂ ಅದನ್ನೇ ಹೇಳುವುದು.

೧೩ ಡಿಸೆಂಬರ್

ಮಾಂಸದ ಪೈ ಅಂಗಡಿಯ ಕಿಟಕಿಯಲ್ಲಿ ಕಂಡೆ. ಕ್ಲೆಮ್, ಎದುರಿಗೆ ಫಾದರ್‌ಗಿಲ್. ಕ್ಲೆಮ್ ಏನೋ ಹೇಳುತ್ತಿದ್ದ, ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಳಗೆ ಹೋಗಲಿಲ್ಲ. ಹಸಿವೂ ಸತ್ತಿತು.

ಸಂಜೆ ಪತ್ರಿಕೆ — ಸರಿ.

ಎಲ್ಲ ಹೊಂದುತ್ತದೆ. ಕ್ಲೆಮ್‌ಗೆ ಮೂವತ್ತಾರು. ಇದೇ ಕೊನೆಯ ವರ್ಷ. ಬೇಸಿಗೆಯಿಂದ ರಿಸರ್ವ್ ತಂಡದ ಕೋಚ್ ಮಾಡುತ್ತೇನೆಂದು ಗ್ಯಾಫರ್ ಮಾತು ಕೊಟ್ಟಿದ್ದಾರೆ. ಅಲ್ಲಿಂದ ನನ್ನ ಕುರ್ಚಿ ಎಷ್ಟು ದೂರ? ಟೀಮು ಸೋರಿದರೆ ಮೊದಲು ಹೋಗುವವನು ನಾನು. ಆಮೇಲೆ ಬರುವವನು? ಈಚೆಗೆ ಗ್ಯಾಫರ್ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಾರೆ. ನನ್ನ ಹೆಗಲಿಗೇನಾಗಿದೆ?

ಬರೆಯಲು ನಾಚಿಕೆ. ಆದರೂ ಬರೆದೆ.

೧೯ ಡಿಸೆಂಬರ್, ಗುರುವಾರ

ಗ್ಯಾಫರ್‌ಗೆ ಹೇಳಿಬಿಟ್ಟೆ. ಶುಕ್ರವಾರದ ಟೀ, ಪೈ ಅಂಗಡಿ, ಎಲ್ಲಾ.

“ಕ್ಲೆಮ್ಮಾ?” ಅಂದರು. ನಂಬಿದ ಹಾಗೆ ಕಾಣಲಿಲ್ಲ. ನಂಬಬೇಕೆಂದಿದ್ದ ಹಾಗೆ ಕಂಡರು. “ತೋರ್ಸು.”

ಬೋನು ಇಡುತ್ತೇನೆ ಅಂದೆ.

೨೦ ಡಿಸೆಂಬರ್, ಶುಕ್ರವಾರ

ಟೀಮು ಕೈಯಲ್ಲಿತ್ತು. ಜೋಡಿಸಿದ್ದು ಬೇರೆ. ಗೋಲು ಹೊಡೆಯುವ ರಿಮ್ಮರನ ಒಂಬತ್ತನೇ ಜಾಗದಲ್ಲಿ ಟ್ಯಾಟರ್ಸಾಲ್‌ನ ಬೂಟು. ಎಡ ಬ್ಯಾಕ್ ಟ್ಯಾಟರ್ಸಾಲ್, ಎದುರಾಳಿಯ ಗೋಲು ಯಾವ ಬಣ್ಣ ಅಂತಲೂ ಗೊತ್ತಿಲ್ಲದವನು. ಇಂಥ ಟೀಮನ್ನು ಊಹಿಸಿ ಬರೆಯಲು ಯಾರಿಂದಲೂ ಆಗದು. ಹೇಳಿದವರಿದ್ದರೆ ಮಾತ್ರ.

ಬಾಗಿಲಿಗೆ ಒದೆತ. ತೆಗೆದೆ.

ಹಲಗೆ ನೋಡಿದವನೇ ಟೀ ಚೆಲ್ಲಿಕೊಂಡ. “ಟ್ಯಾಟರ್ಸಾಲ್ ಮುಂದೆ? ಗ್ಯಾಫರ್‌ಗೆ ತಲೆ ನೆಟ್ಟಗಿದ್ಯಾ?”

“ನಂಗೇನು ಗೊತ್ತು. ಹೇಳಿದ್ದು ಜೋಡಿಸ್ತೀನಿ.”

“ನಿನ್ ಮುಖ ಯಾಕೋ ಹಂಗಿದೆ?”

“ಹಲ್ಲುನೋವು.”

“ಲವಂಗ ಇಟ್ಕೊ. ನಮ್ಮಮ್ಮ ಅದನ್ನೇ ಇಡ್ತಿದ್ಲು.” ಹೊರಡುವಾಗ ನನ್ನ ಲೋಟವನ್ನೂ ತೊಳೆದಿಟ್ಟು ಹೋದ.

ಆಮೇಲೆ ರಿಮ್ಮರನ ತೊಡೆಯ ಆರೈಕೆಗೆ ಹೋದೆ. ಬೂಟು ಹಾಗೇ ಬಿಟ್ಟೆ. ಸಂಜೆ ಪತ್ರಿಕೆ ಬಂತು. ಒಂಬತ್ತು — ಟ್ಯಾಟರ್ಸಾಲ್.

ಸಿಕ್ಕಿಬಿದ್ದ. ಖುಷಿಯಾಗಬೇಕಿತ್ತು.

೨೧ ಡಿಸೆಂಬರ್, ಶನಿವಾರ

ಪಂದ್ಯಕ್ಕೆ ಮುಂಚೆಯೇ ಗ್ಯಾಫರ್ ಕ್ಲೆಮ್‌ನನ್ನು ಕರೆಸಿದರು. ಬಾಗಿಲು ತೆರೆದೇ ಇತ್ತು, ಹುಡುಗರಿಗೆಲ್ಲ ಕೇಳಿಸಿತು. ಕ್ಲೆಮ್ ಕೂಗಾಡಲಿಲ್ಲ. “ಅವನು ಪೈ ತಿಂತಿದ್ದ, ನಾನೂ ತಿಂತಿದ್ದೆ. ಊರಲ್ಲಿರೋದೇ ಒಂದು ಪೈ ಅಂಗಡಿ.” ಇಷ್ಟೇ ಅಂದ. ಗ್ಯಾಫರ್ ತೀರ್ಪು: ರಿಸರ್ವ್ ಕೆಲಸ ಇಲ್ಲ. ಸೋಮವಾರದಿಂದ ಬರಬೇಕಾಗಿಲ್ಲ.

ಪ್ಯಾಸೇಜಿನಲ್ಲಿ ನನ್ನೆದುರು ನಿಂತ. ತಲೆ ತಗ್ಗಿಸಿದ್ದೆ.

“ಆ ಟ್ಯಾಟರ್ಸಾಲ್ ಬೂಟು... ಅದು ನಂಗೋಸ್ಕರ ಇಟ್ಟಿದ್ದು ಅಲ್ವಾ?”

ಬೂಟು ಕೋಣೆಯ ಬೀಗದಕೈ ಜೇಬಿಗಿಳಿಸಿದೆ.

“ಹನ್ನೊಂದು ವರ್ಷ ನಿನ್ ಬೆನ್ನೇ ನೋಡ್ಕೊಂಡು ನಿಂತಿದ್ದೆ ನಾರ್ಮನ್. ಅದು ಬಿಟ್ಟು ಬೇರೆ ಏನೂ ಕಾಣ್ತಿರ್ಲಿಲ್ಲ. ಇವತ್ತು ಮುಖ ನೋಡ್ದೆ.”

ಬೂಟನ್ನೂ ತೆಗೆದುಕೊಳ್ಳದೆ ಹೋದ. ನಾಲ್ಕು ಗೋಲು ತಿಂದೆವು.

೧೦ ಜನವರಿ ೧೯೬೯, ಶುಕ್ರವಾರ

ಬರೆಯುವ ಮನಸ್ಸಿರಲಿಲ್ಲ. ಹಬ್ಬ ಬಂತು, ಹೋಯಿತು. ಹಿಮದಿಂದ ಎರಡು ಪಂದ್ಯ ರದ್ದು. ಕ್ಲೆಮ್ ಅಣ್ಣನ ಕಲ್ಲಿದ್ದಲು ಲಾರಿಯಲ್ಲಿ ಮೂಟೆ ಹೊರುತ್ತಿದ್ದಾನಂತೆ. ಪಬ್ಬಿನಲ್ಲಿ ಯಾರೂ ಅವನ ಪಕ್ಕ ಕೂರುವುದಿಲ್ಲ. ಊರ ತಂಡ ಮಾರಿದವನು ಅನ್ನುತ್ತಾರೆ. ಎಡ್ನಾ ಅವನ ಹೆಂಡತಿಯನ್ನು ಮಾರ್ಕೆಟ್ಟಿನಲ್ಲಿ ಕಂಡಳಂತೆ. “ನನ್ನ ನೋಡಿ ತಿರುಗಿ ಹೋದ್ಳು ಕಣೋ,” ಅಂದಳು, ಅಷ್ಟು ಹೇಳಿ ಪಾತ್ರೆ ತೊಳೆಯತೊಡಗಿದಳು.

ಇವತ್ತು ಬೀಗ ಹಾಕಿ ಬೂಟು ಜೋಡಿಸಿದೆ. ಒಬ್ಬನೇ ಟೀ ಕುಡಿದೆ. ಯಾರೂ ಬರಲಿಲ್ಲ, ಯಾರಿಗೂ ಹೇಳಲಿಲ್ಲ, ಎಡ್ನಾಗೂ ಹೇಳಿಲ್ಲ.

ಸಂಜೆ ಪತ್ರಿಕೆ. ಹನ್ನೊಂದಕ್ಕೆ ಹನ್ನೊಂದೂ ಸರಿ.

ಎರಡು ಸಲ ಎಣಿಸಿದೆ.

ಗ್ಯಾಫರ್ ಬಾಯಿ ಬಿಟ್ಟು ಕೇಳಿದರು. “ಈಗ ಇರೋದು ನಾನು, ನೀನು. ಹೇಳೋದೇನಾದ್ರೂ ಇದ್ಯಾ?”

೧೭ ಜನವರಿ, ಶುಕ್ರವಾರ

ಒಂದೇ ಉಸಿರಿಗೆ ಬರೆಯುತ್ತೇನೆ.

ಮಧ್ಯಾಹ್ನ, ಬೂಟು ಜೋಡಿಸಿಯಾಗಿತ್ತು. ತಂಬಾಕಿಗೆಂದು ಹೊರಗೆ ಹೋದೆ. ಬರುವಾಗ ದೊಡ್ಡ ಗೇಟಿನ ಬೀಗ ಹೆಪ್ಪುಗಟ್ಟಿ ತಿರುಗಲಿಲ್ಲ. ಹಿಂದಿನ ಗಲ್ಲಿಯಿಂದ ಸುತ್ತಿ ಬಂದೆ. ಎಷ್ಟೋ ವರ್ಷದಿಂದ ಕಾಲಿಡದ ಗಲ್ಲಿ. ಮಬ್ಬು ಕವಿದಿತ್ತು. ಬೂಟು ಕೋಣೆಯ ದೀಪ ಆರಿಸದೆ ಬಂದಿದ್ದೆ.

ನನ್ನ ಕಿಟಕಿ. ಹೊಸ ಗಾಜು, ನೀರಿನಷ್ಟು ಸ್ವಚ್ಛ. ಹಲಗೆಯ ಮೇಲೆ ನನ್ನ ಬೂಟುಗಳು, ಮೂತಿ ಒಳಗೆ, ಹಿಮ್ಮಡಿ ಗಲ್ಲಿಗೆ. ಒಂದರಿಂದ ಹನ್ನೊಂದು. ಬಿಳಿ ಅಕ್ಷರಗಳು ಅಂಗಡಿ ಬೋರ್ಡಿನ ಹಾಗೆ ಎದ್ದು ಕಾಣುತ್ತಿದ್ದವು.

ಕೆಳಗೆ ಫಾದರ್‌ಗಿಲ್. ಪೈ ತಿನ್ನುತ್ತ ನಿಂತಿದ್ದ. ಬಸ್ ಸ್ಟಾಪಿನಿಂದ ಅವನ ಆಫೀಸಿಗೆ ಇದೇ ಹತ್ತಿರದ ದಾರಿ. ನನ್ನನ್ನು ಕಂಡು ಹ್ಯಾಟು ಎತ್ತಿದ.

“ನಾರ್ಮನ್! ಬೂಟು ಚೆನ್ನಾಗಿ ಹೊಳೀತಿವೆ. ಎಂಟನೇ ನಂಬರ್‌ಗೆ ಡಾಯ್ಲ್ ಬಂದ್ನಾ?”

ಕಿಟಕಿ ನೋಡಿದೆ, ಅವನನ್ನು ನೋಡಿದೆ.

“ಆವತ್ತು ಟ್ಯಾಟರ್ಸಾಲ್ ವಿಷಯದಲ್ಲಿ ನನ್ನ ಮಾನ ತೆಗೆದ್ಯಲ್ಲ ಮಾರಾಯ. ಎಡಿಟರ್ ಕೈಲಿ ಬೈಸ್ಕೊಂಡೆ. ನಿನ್ನ ಹಲಗೆ ತಪ್ಪಿದ್ದು ಅದೊಂದೇ ಸಲ.”

“ಕ್ಲೆಮ್ ನಿಂಗೇನೂ ಹೇಳಿರ್ಲಿಲ್ವಾ?”

“ಕ್ಲೆಮ್ಮಾ? ಅವನು ಹೇಳೋದು ಹಳೇ ಜೋಕು ಮಾತ್ರ. ಅದೂ ಅರ್ಧಕ್ಕೆ ಮರೀತಾನೆ.”

ಗ್ಯಾಫರ್‌ರನ್ನು ತೋಳು ಹಿಡಿದು ಗಲ್ಲಿಗೆ ಎಳೆದು ತಂದೆ, ಕೋಟೂ ಇಲ್ಲದೆ. ತೋರಿಸಿದೆ. ಒಂದರಿಂದ ಹನ್ನೊಂದರವರೆಗೂ ಓದಿದರು.

“ಗಾಜಿಗೆ ಬಣ್ಣ ಬಳಿ.”

“ಕ್ಲೆಮ್‌ನ ಕರೆಸ್ಬೇಕು ಗ್ಯಾಫರ್. ಇವತ್ತೇ. ಎಲ್ಲರೆದುರಿಗೆ.”

“ರಿಸರ್ವ್ ಕೆಲಸ ನನ್ನ ಷಡ್ಡಕನಿಗೆ ಕೊಟ್ಟಾಯ್ತು. ಛೇರ್ಮನ್ ಸಹಿ ಹಾಕಿದ್ದೂ ಆಯ್ತು. ಈಗ ಹೇಳಿದ್ರೆ ನಾವಿಬ್ರೂ ಮುಟ್ಠಾಳರು. ಇಲ್ಲಿಗೆ ಬಿಡು. ನೀನು ಬಾಯಿಬಿಟ್ರೆ, ನಾರ್ಮನ್, ಮೂಟೆ ಹೊರೋಕೆ ಲಾರೀಲಿ ಇನ್ನೂ ಒಬ್ಬನಿಗೆ ಜಾಗ ಇರತ್ತೆ.”

ಹೇಳಿ ತಿರುಗಿದರು. ತಿರುಗಿದ್ದಲ್ಲ, ಆ ಸೊಂಟ ಯಾವಾಗಲೋ ಷಡ್ಡಕನ ಕಡೆ ತಿರುಗಿತ್ತು. ‘ತೋರ್ಸು’ ಅಂದ ದಿನವೇ. ನಾನು ಬಸ್ ಡ್ರೈವರನ ಸೊಂಟವನ್ನೂ ನೋಡಿದ್ದೆ, ಇದನ್ನೊಂದು ನೋಡಿರಲಿಲ್ಲ. ನನ್ನದನ್ನೂ.

ಬಣ್ಣ ಬಳಿದೆ. ಬಳಿಯುತ್ತ ಅತ್ತೆ. ಯಾರೂ ನೋಡಲಿಲ್ಲ, ಗಾಜು ಆಗಲೇ ಬೆಳ್ಳಗಾಗಿತ್ತು.

೧೮ ಜನವರಿ, ಶನಿವಾರ, ಬೆಳಿಗ್ಗೆ

ನಿದ್ದೆ ಇಲ್ಲ. ಎಡ್ನಾಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ನನ್ನ ಕೋಟು ತಂದು ಕುರ್ಚಿಯ ಮೇಲೆ ಹಾಕಿದಳು.

“ಕೆಲಸ ಹೋಗತ್ತೆ,” ಅಂದೆ.

“ಹೋಗ್ಲಿ. ಕ್ಲೆಮ್ ಹೆಂಡ್ತಿ ಮಾರ್ಕೆಟ್ಟಲ್ಲಿ ನನ್ನ ಮುಖ ನೋಡ್ಲಿ.”

ಕ್ಲೆಮ್‌ನ ಬೂಟು ಇಷ್ಟು ದಿನ ಮೊಳೆಗೆ ನೇತಾಡುತ್ತಿತ್ತು. ನಿನ್ನೆ ಮನೆಗೆ ತಂದೆ. ಕೊಬ್ಬು ಹಚ್ಚಿ ತಿಕ್ಕಿದ್ದೇನೆ. ಹಿಮ್ಮಡಿಯ ಮೇಲೆ ಅವನ ಅಕ್ಷರ ಇನ್ನೂ ಮಾಸಿಲ್ಲ. ಕಾಗದದಲ್ಲಿ ಸುತ್ತಿಟ್ಟಾಗಿದೆ. ಶನಿವಾರ ಲಾರಿ ಇಲ್ಲ, ಮನೆಯಲ್ಲೇ ಇರುತ್ತಾನೆ. ಬಾಗಿಲು ಅವನೇ ತೆಗೆದರೆ ಏನು ಹೇಳುವುದು? ಇಲ್ಲಿ ಬರೆದು ನೋಡಿಕೊಳ್ಳುತ್ತೇನೆ, ಅಲ್ಲಿ ನಾಲಿಗೆ ಏಳುವುದಿಲ್ಲ.

ಕ್ಲೆಮ್, ನಿನ್ನ ಬೂಟು ತಂದಿದ್ದೇನೆ. — ಥೂ. ಪೋಸ್ಟ್‌ಮನ್ ಹಾಗೆ.

ಕ್ಲೆಮ್, ಕಿಟಕಿಗೆ ಹೊಸ ಗಾಜು ಹಾಕಿದ್ದರಲ್ಲ... — ಗಾಜಿನ ತಲೆಗೆ ಕಟ್ಟಿ ನುಣುಚಿಕೊಳ್ಳುವುದು. ಬೇಡ.

ಕ್ಲೆಮ್, ಅಷ್ಟು ವರ್ಷ ನೀನು ನನ್ನ ಹಿಂದೆ ನಿಂತಿದ್ದೆ, ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ನೋಡಬೇಕೆಂದು ಅನ್ನಿಸಿಯೇ ಇರಲಿಲ್ಲ. — ಇದು ನಿಜ. ಆದರೆ ಇದನ್ನು ಆಮೇಲೆ ಹೇಳಬೇಕು. ಅವನು ಒಳಗೆ ಕರೆದರೆ.

ಎಡ್ನಾ ಬಾಗಿಲ ಹತ್ತಿರ ನಿಂತಿದ್ದಾಳೆ. ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಇನ್ನೊಂದೇ ಸಲ.

ಕ್ಲೆಮ್, ಪತ್ರಿಕೆಗೆ ಟೀಮು ಹೇಳುತ್ತಿದ್ದವನು ನಾನೇ.