ಇಲಿ ಕಡಿದ ಫೋಟೋ

ಜೇಜು ದ್ವೀಪ
17 ನವೆಂಬರ್ 2019

ಪ್ರೀತಿಯ ಅಕ್ಕಾ,

ಒಸಾಕಾದಲ್ಲಿ ಚಳಿ ಶುರುವಾಗಿರಬೇಕು. ಮಂಡಿನೋವು ಹೇಗಿದೆ? "ಅಮ್ಮನ ತಿಥಿಗೆ ಮುಂದಿಟ್ಟುಕೊಳ್ಳಲು ಅವಳ ಜೊತೆಗಿರುವ ಒಂದು ಫೋಟೋವೂ ನನ್ನಲ್ಲಿಲ್ಲ, ಕಲ್ಲುಗೋಡೆಯ ಮುಂದೆ ನಾವು ಮೂವರೂ ನಿಂತದ್ದನ್ನು ಕಳಿಸು" ಎಂದು ನೀನು ಬರೆದು ಐದು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ಏನು ಹೇಳಲಿ, ಸರಿಯಾಗಿ ನಿನ್ನ ಮುಖವಿದ್ದ ಜಾಗವನ್ನೇ ಇಲಿ ಕಡಿದುಹಾಕಿದೆ. ಅದನ್ನು ಸರಿಮಾಡಲೆಂದೇ ಈ ಅರವತ್ತನಾಲ್ಕನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತೆ. ನಗಬೇಡ.

ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇತ್ತು. ಗುರು ಯೂಟ್ಯೂಬಿನ ಒಬ್ಬ ಹೆಂಗಸು. ಮುಖ ತೋರಿಸುವುದಿಲ್ಲ, ದನಿ ಮಾತ್ರ. "ಹೆದರ್ಕೋಬೇಡಿ, ಏನೂ ಹಾಳಾಗಲ್ಲ. ಫೋಟೋ ಮೇಲೆ ಗಾಜಿನ ಹಾಳೆ ಇಟ್ಟು ಬರೀತಿದ್ದೀವಿ ಅಷ್ಟೆ. ಹಾಳೆ ತೆಗೆದ್ರೆ ಹಳೇದು ಹಾಗೇ ಇರುತ್ತೆ" ಅನ್ನುತ್ತಾಳೆ. ಒಂದೊಂದು ಪಾಠವನ್ನೂ ಇಪ್ಪತ್ತು ಸಲ ನೋಡಿದೆ. ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಎಲ್ಲೆಲ್ಲೋ ಓಡುತ್ತಿತ್ತು. ಆಮೇಲೆ ಚಿಪ್ಪು ಹೆಕ್ಕಲು ಸಮುದ್ರದಲ್ಲಿ ಮುಳುಗುವಾಗಿನಂತೆ ಉಸಿರು ಬಿಗಿಹಿಡಿದೆ ನೋಡು, ಕೈ ಕಲ್ಲಿನಂತೆ ನಿಂತಿತು!

ನಮ್ಮ ಜೊತೆ ಮುಳುಗುವ ಮಲ್‌ಸುನ್ ಅಜ್ಜಿ ಗೊತ್ತಲ್ಲ, ಎಂಬತ್ತೊಂದು ಈಗ. ತನ್ನ ಶವದ ಮುಂದಿಡುವ ಫೋಟೋವನ್ನು ಈಗಲೇ ಚೆಂದ ಮಾಡಿಕೊಡು ಅಂದಳು. ನಾನು ಉತ್ಸಾಹದಲ್ಲಿ ಸುಕ್ಕೆಲ್ಲ ಒರೆಸಿಬಿಟ್ಟೆ.

"ಇದ್ಯಾರೇ ಇನ್‌ಸುನ್, ಈ ಬೆಡಗಿ? ಆ ಕಡೆ ಕಾಯ್ತಾ ಕೂತಿರೋ ನನ್ನ ಗಂಡ, ಬೇರೆ ಯಾವಳೋ ಬಂದ್ಲು ಅಂತ ಹಿಗ್ಗಿ ಹೀರೇಕಾಯಿ ಆಗ್ಬಿಡ್ತಾನೆ! ಹಣೆ ಮೇಲೆ ನೀರುಗನ್ನಡಕದ ಗೆರೆ ಎಲ್ಲೇ? ಅರವತ್ತು ವರ್ಷ ಮುಳುಗಿ ಸಂಪಾದಿಸಿದ್ದು ಕಣೇ ಅದು!"

ಒಂದು ಗುಂಡಿ ಒತ್ತಿದೆ. ಗೆರೆ, ಸುಕ್ಕು, ಎಲ್ಲ ವಾಪಸ್ಸು ಬಂದವು. ಅಜ್ಜಿ ಪರದೆ ಮುಟ್ಟಿ ನೋಡಿ, "ಅಬ್ಬಾ, ಮಾಡಿದ್ದನ್ನ ಮಾಡ್ದೇ ಇರೋ ಹಾಗೆ ಮಾಡ್ಬಹುದಾ?" ಅಂದಳು. ಅವಳು ಹೋದಮೇಲೂ ಆ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ನೋಡಿದೆ.

ಆಮೇಲೆ ನಮ್ಮ ಫೋಟೋಕ್ಕೆ ಕೈಹಾಕಿದೆ. "ಹರಿದ ಜಾಗಾನ ಪಕ್ಕದ ಜಾಗದಿಂದ್ಲೇ ತುಂಬಿ" ಎಂದಿತು ಆ ದನಿ. ಪಕ್ಕದಲ್ಲಿ ಯಾರಿದ್ದೇವೆ? ಅಮ್ಮ ಮತ್ತು ನಾನು. ಅಮ್ಮನ ಕೆನ್ನೆ ತೆಗೆದು ಇಟ್ಟೆ. ಅವಳ ಗಲ್ಲ ಇಟ್ಟೆ. ನನ್ನ ಹುಬ್ಬು, ಕಣ್ಣು ತಿರುಗಿಸಿ ಕೂಡಿಸಿದೆ. ಒಂಬತ್ತು ದಿನ ಹಿಡಿಯಿತು. ಒಂಬತ್ತನೆಯ ದಿನ ಮಧ್ಯಾಹ್ನ ತೂತಿನೊಳಗಿಂದ ನೀನು ನನ್ನನ್ನೇ ನೋಡುತ್ತಿದ್ದೆ, ಹತ್ತೊಂಬತ್ತರ ನೀನು, ಒಸಾಕಾದ ಹಡಗು ಹತ್ತುವ ಮುಂಚಿನ ನೀನು. ನಿನ್ನದೊಂದು ಚೂರೂ ಇರಲಿಲ್ಲ ಅಕ್ಕಾ, ಆದರೂ ನೀನೇ. ಕೈಮುಗಿದುಬಿಟ್ಟೆ. ಯಾರಿಗೆ ಅಂತ ಗೊತ್ತಿಲ್ಲ.

ಕಲೆಗಳನ್ನೆಲ್ಲ ತೆಗೆದಿದ್ದೇನೆ. ನಿನ್ನ ಭುಜದ ಮೇಲೆ ಕಂದು ಕಲೆಯೊಂದಿದೆ, ಅದನ್ನು ಮಾತ್ರ ತೆಗೆದಿಲ್ಲ. ತೆಗೆಯಲು ಬರಲಿಲ್ಲ ಎಂದುಕೊಳ್ಳಬೇಡ.

ಜೊತೆಗೆ ಕಿತ್ತಳೆ, ಒಣಗಿಸಿದ ಕಡಲಸೊಪ್ಪು ಕಳಿಸಿದ್ದೇನೆ. ಸೊಪ್ಪಿನ ಸಾರು ಬಿಸಿಬಿಸಿ ಕುಡಿ. ಅಮ್ಮನ ವಯಸ್ಸು ದಾಟಿ ನೂರು ವರ್ಷ ಬಾಳು.

ನಿನ್ನ ತಂಗಿ,
ಇನ್‌ಸುನ್

ಮತ್ತೆ: ಇಲಿ ಕಡಿದದ್ದಲ್ಲ ಅಕ್ಕಾ, ನಾನೇ ಕತ್ತರಿಸಿದ್ದು. ಅಮ್ಮ ಹಾಸಿಗೆ ಹಿಡಿದಾಗ ಸಮುದ್ರದಿಂದ ಬಂದು ಒದ್ದೆ ಕೂದಲಲ್ಲೇ ಗಂಜಿ ಕುಡಿಸುತ್ತಿದ್ದವಳು ನಾನು, ಅವಳು ಕರೆಯುತ್ತಿದ್ದದ್ದು ನಿನ್ನನ್ನು. ಹೊಟ್ಟೆ ಉರಿದು ನಿನ್ನ ಮುಖ ಕತ್ತರಿಸಿ ಒಲೆಗೆ ಹಾಕಿದೆ. ಅಮ್ಮ ಒಂದು ಮಾತೂ ಕೇಳಲಿಲ್ಲ. ನಾನು ಎದುರಿಗಿದ್ದರೆ ಆ ತೂತನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಫೋಟೋ ನೋಡುತ್ತಿದ್ದಳು, ನನಗೆ ಕಾಣಬಾರದೆಂದು. ಸಾಯುವತನಕ ಹಾಗೇ ನೋಡಿದಳು. ನಿನ್ನ ಭುಜದ ಮೇಲಿರುವ ಕಲೆ ಆ ಹೆಬ್ಬೆರಳಿನದು.