ಕತ್ತರಿ ಯಂತ್ರದ ಕೆಳಗೆ ನಮ್ಮಣ್ಣನ ಕೈ

ಗದಗ, ಫೆಬ್ರುವರಿ ಮೂವತ್ತು, 2419
(ಇದು ಸಂದೂಕದ ಲೆಕ್ಕ. ರೈಲು ಹಳಿ ದಾಟಿದರೆ ಬೆಟಗೇರಿಯಲ್ಲಿ ಮಗ್ಗದ ಲೆಕ್ಕ ನಡೆಯುತ್ತದೆ. ಅಲ್ಲಿ ಇವತ್ತು ಇನ್ನೂ ನಿನ್ನೆ.)

ಘನತೆವೆತ್ತ, ಎಂದೋ ಮಣ್ಣಾಗಿ ಹೋಗಿರುವ ಪೂರ್ವಜರೇ,

ಡಂಬಳ ಮನೆತನದ ಫಕೀರವ್ವ, ವಯಸ್ಸು ಹದಿನೇಳು, ಊರವರ ಬಾಯಲ್ಲಿ ಪಕ್ಕಿ, ತಮ್ಮ ಪಾದಗಳಿದ್ದ ಜಾಗಕ್ಕೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನನ್ನ ಪದಗಳು ತಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ತಮ್ಮ ಪದಗಳನ್ನು ಶಾಲೆಯಲ್ಲಿ ಓದುವಾಗ ನಾವೂ ಹೊಟ್ಟೆ ಹಿಡಿದು ನಕ್ಕಿದ್ದೇವೆ, ಲೆಕ್ಕ ಸರಿಹೋಯಿತು. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಮ್ಮುಖವಾಗಿ ನಡೆಯುವ ಟಪಾಲು, ಬರೆದ ಸಾಲು ಬರೆಯುತ್ತಿದ್ದಂತೆಯೇ ತಲುಪುತ್ತದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಬಹುಪಾಲು ಜನ ಅದನ್ನು ತಮ್ಮ ಮದುವೆಯ ಹಿಂದಿನ ದಿನಕ್ಕೆ ಬರೆದು ಮುಗಿಸುತ್ತಾರೆ. ಒಕ್ಕಣೆ ಸಾಮಾನ್ಯವಾಗಿ "ಬ್ಯಾಡ" ಎಂಬ ಒಂದೇ ಪದ. ಕೇಳಿದವರನ್ನು ನಾನಂತೂ ಕಂಡಿಲ್ಲ. ನಾನು ನನ್ನ ಪಾಲಿನ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮಣ್ಣ ತೋಂಟಪ್ಪನ ಎಡಗೈ ಈ ಕ್ಷಣದಲ್ಲಿ ಕಾಗದ ಕತ್ತರಿಸುವ ಯಂತ್ರದ ಅಲಗಿನ ಕೆಳಗಿದೆ, ಮತ್ತು ತಪ್ಪು ತಮ್ಮದು.

ತಮ್ಮ ಕಾಲದಲ್ಲಿ ಆಪರೇಟಿಂಗ್ ಸಿಸ್ಟಮ್ ಎಂಬುದು ಮೇಜಿನ ಮೇಲಿನ ಪೆಟ್ಟಿಗೆಯೊಳಗೆ ತೆಪ್ಪಗೆ ಬಿದ್ದಿರುತ್ತಿತ್ತಂತೆ. ನಾವು ಅದನ್ನು ಒಡೆಯ ಎನ್ನುತ್ತೇವೆ. ಕದ, ಒಲೆ, ಹಾಸಿಗೆ, ನೀರಿನ ನಳ, ಕಡಿದುಹೋದ ಕೈಕಾಲುಗಳ ಜಾಗಕ್ಕೆ ಜೋಡಿಸಿದ ಉಕ್ಕಿನ ಕೈಕಾಲು, ಎಲ್ಲವೂ ಯಾವುದಾದರೊಂದು ಒಡೆಯನ ಅಪ್ಪಣೆಯಲ್ಲಿ ನಡೆಯುತ್ತವೆ. ಗದಗಿನ ಒಡೆಯನ ಹೆಸರು ಸಂದೂಕ. ಥಳಥಳ ಹೊಳೆಯುತ್ತದೆ, ಬೇಗ ಕೆಡುವುದಿಲ್ಲ, ಕೆಟ್ಟರೆ ತೆರೆದು ನೋಡುವಂತಿಲ್ಲ. ಸಂದೂಕದ ಒಲೆಯ ಮೇಲೆ ಮೂರನೇ ಮೆಣಸಿನಕಾಯಿ ಹುರಿಯಲು ಹೋದರೆ ತಾನೇ ಆರಿ, ನಿಮ್ಮ ಹೊಟ್ಟೆಯ ಬಗ್ಗೆ ಉಪದೇಶ ಮಾಡುತ್ತದೆ. ಬೆಟಗೇರಿಯ ಒಡೆಯ ಮಗ್ಗ. ಪುಕ್ಕಟೆ ಸಿಗುತ್ತದೆ, ಒಳಗಿನ ಎಳೆ ಎಳೆಯೂ ಕಣ್ಣಿಗೆ ಕಾಣುತ್ತದೆ, ಬೇಕಾದ ಹಾಗೆ ಬಿಚ್ಚಿ ಕಟ್ಟಿಕೊಳ್ಳಬಹುದು. ಮಧ್ಯಾಹ್ನ ಉಣ್ಣಬೇಕೆಂದರೆ ಮಾತ್ರ ಬೆಳಿಗ್ಗೆಯಿಂದ ಒಲೆಯ ಮುಂದೆ ಕುಳಿತು ಅದಕ್ಕೆ ಪಾಠ ಹೇಳಬೇಕು. ಅಲ್ಲೊಬ್ಬರ ಹಾಸಿಗೆ ಎಳೆ ತಪ್ಪಿ ಯಜಮಾನರನ್ನೇ ಚಾಪೆಯಂತೆ ಮಡಚಿಟ್ಟಿತ್ತು. ಪಕ್ಕೆಲುಬು ಮುರಿದುಕೊಂಡು ಹೊರಬಂದ ಅವರು, "ಹಾಸಿಗಿ ತಪ್ಪಲ್ಲರೀ, ನಾನ ಸರೀಗೆ ಓದಿದ್ದಿಲ್ಲ" ಎಂದರಂತೆ. ಮಗ್ಗದವರು ಅಂಥವರು.

ಎರಡು ಊರುಗಳ ನಡುವಿನ ರೈಲ್ವೆ ಗೇಟಿನಲ್ಲಿ ವರ್ಷಕ್ಕೊಮ್ಮೆ ಕಾಳಗ ನಡೆಯುತ್ತದೆ. ವಿಷಯ ಒಂದೇ, ದಿನಬಳಕೆಗೆ ಯಾವ ಒಡೆಯ ಮೇಲು ಎಂಬುದು. ಆರಂಭ ಬಹಳ ಸಭ್ಯವಾಗಿರುತ್ತದೆ. ಈ ಕಡೆಯವರೊಬ್ಬರು, "ನಿಮ್ಮದು ಭಾಳ ತ್ರಾಸ ಕೊಡತೈತಿ ಅಲ್ಲೇನ್ರಿ?" ಎಂದು ವಿಚಾರಿಸುತ್ತಾರೆ. ಆ ಕಡೆಯವರೊಬ್ಬರು, "ರೊಕ್ಕಾ ಕೊಟ್ಟ ಮ್ಯಾಲೂ ನಿಮ್ಮದು ನಿಮ್ಮದಲ್ಲಲ್ರಿ" ಎಂದು ಮರುಗುತ್ತಾರೆ. ಆಮೇಲೆ ಹಲ್ಲು ಉದುರುತ್ತವೆ. ಉಕ್ಕಿನ ಮುಷ್ಟಿಗೆ ದವಡೆ ಪುಡಿಯಾಗುತ್ತದೆ, ಉಕ್ಕಿನ ಕಾಲಿಗೆ ಮೊಣಕಾಲು ಹಿಂದುಮುಂದಾಗುತ್ತದೆ. ಸಂಜೆ ಬುಟ್ಟಿ ತಂದು ಕಿವಿ, ಮೂಗು, ಬೆರಳುಗಳನ್ನು ಆರಿಸಿ ಎರಡು ಊರಿಗೂ ಪಾಲು ಹಾಕುವಾಗ, ಯಾವ ಮೂಗು ಯಾರದೆಂದು ಇನ್ನೊಂದು ಸುತ್ತು ಆಗುತ್ತದೆ. ಹೋದ ವರ್ಷ ಆ ಬುಟ್ಟಿಯಲ್ಲಿ ನಮ್ಮಣ್ಣನ ಎಡಗೈ ಇತ್ತು. ಅವನು ಹೊಡೆದಾಡಲು ಹೋಗಿರಲಿಲ್ಲ, ಮಿರ್ಚಿ ಮಾರಲು ಹೋಗಿದ್ದ.

ಮಿರ್ಚಿ ಭಜಿ ಅಣ್ಣನ ಉದ್ಯೋಗ. ಮೊದಲು ಅವನು ಸಂದೂಕದ ಕೈಯನ್ನೇ ಹಾಕಿಸಿಕೊಂಡ. ಬಲು ಸುಂದರ ಕೈ. ಆದರೆ ಕಾದ ಎಣ್ಣೆ ಕಂಡರೆ ಬೆನ್ನ ಹಿಂದೆ ಹೋಗಿ ಅಡಗುತ್ತಿತ್ತು. ಒಂದು ತಿಂಗಳು ಗಿರಾಕಿಗಳ ಬೈಗುಳ ತಿಂದು, ಅಣ್ಣ ಹಳಿ ದಾಟಿ ಹೋಗಿ ಮಗ್ಗದ ಕೈ ಹಾಕಿಸಿಕೊಂಡು ಬಂದ. ಆ ಕೈ ಕುದಿಯುವ ಎಣ್ಣೆಯಲ್ಲಿ ಮುಳುಗಿ ಮಿರ್ಚಿಯನ್ನು ಮಗುವಿನಂತೆ ಮಗ್ಗುಲು ಹೊರಳಿಸುತ್ತಿತ್ತು. ಬಂಡಿಯ ಮುಂದೆ ಸಾಲು ನಿಂತಿತು. ಮನೆ ಮಾತ್ರ ಅವನನ್ನು ಕಳ್ಳನೆಂದು ಬಗೆಯಿತು. ಸಂದೂಕದ ಕದ ಅವನ ಮೂಗು ಒಡೆಯಿತು. ಒಲೆ ಕುದಿಯುವ ಬೇಳೆಯನ್ನು ಎದೆಯ ಮೇಲೆ ಉಗುಳಿತು. ಹಾಸಿಗೆ ದಿನಾ ಅವನನ್ನು ಗೋಡೆಗೆ ಎಸೆಯುತ್ತಿತ್ತು. ಅವ್ವ ಬೆಳಿಗ್ಗೆ ಎದ್ದು, "ಇವತ್ತ ಯಾವುದು ಬಡೀತೋ ನನ್ನ ಮಗನ?" ಎಂದು ಅರಿಸಿನ ಅರೆಯುತ್ತಿದ್ದಳು. ಸದ್ದು ಕೇಳಿ ನೆರೆಯವರು ಪಂಚರಿಗೆ ಹೇಳಿದರು. ಶತ್ರುವಿನ ಒಡೆಯನನ್ನು ಮೈಯಲ್ಲಿ ಹೊತ್ತವನಿಗೆ ಗದಗಿನಲ್ಲಿ ಒಂದೇ ಶಿಕ್ಷೆ. ಆ ಕೈಯನ್ನು, ಅದರ ಮೇಲಿನ ಒಂದು ಗೇಣು ಸ್ವಂತ ಮಾಂಸದ ಸಮೇತ, ಕತ್ತರಿಸಬೇಕು. ಈ ಊರು ಪುಸ್ತಕ ಅಚ್ಚು ಹಾಕುತ್ತಿದ್ದ ಕಾಲದ ದೊಡ್ಡ ಕತ್ತರಿ ಯಂತ್ರವನ್ನು ಈಗ ಸಂದೂಕಕ್ಕೆ ಜೋಡಿಸಿ ಅದಕ್ಕೆಂದೇ ಇಟ್ಟಿದ್ದಾರೆ. ಪುಸ್ತಕಗಳನ್ನು ನಿಲ್ಲಿಸಿ ಬಹಳ ಕಾಲವಾಯಿತು.

ಇನ್ನು ನನ್ನ ಘನಕಾರ್ಯದ ವಿಚಾರ. ತಾವು ಅಪ್‌ಡೇಟ್ ಎನ್ನುತ್ತಿದ್ದುದಕ್ಕೆ ನಾವು ಮರುಹುಟ್ಟು ಎನ್ನುತ್ತೇವೆ. ಮರುಹುಟ್ಟಿಗೆ ಬಿದ್ದ ಯಂತ್ರ, ಅದರ ಮೈಮೇಲಿನ ಬೆಳಕಿನ ಪಟ್ಟಿ ತುಂಬುವವರೆಗೆ ಹೆಣದಂತೆ ನಿಲ್ಲುತ್ತದೆ. ತುಂಬಿದ ಕೂಡಲೇ ಬಿಟ್ಟ ಕೆಲಸವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಪಂಚರು ಅಣ್ಣನ ಶಿಕ್ಷೆಯನ್ನು ಕಾಳಗದ ದಿನವೇ ಇಟ್ಟರು. ನಾನು ಬೆಳಿಗ್ಗೆ ನೀರಿನ ಟಾಕಿಯ ಹತ್ತಿರ ನಿಂತು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ, "ಬೆಟಗೇರಿಯವರು ಹೊಸಾದು ಹಾಕ್ಕೊಳ್ಳಾಕತ್ತಾರಂತ, ಗುದ್ದು ಎರಡು ಪಟ್ಟು ಜೋರಂತ" ಎಂದೆ. ಬೆಟಗೇರಿಯಲ್ಲಿ ನನ್ನ ಗೆಳತಿ ದಿಲ್‌ಶಾದ್ ಗದಗಿನವರ ಬಗ್ಗೆ ಅದನ್ನೇ ಹೇಳಿದಳು. ಪೂರ್ವಜರೇ, ಹೊಟ್ಟೆಕಿಚ್ಚಿನಷ್ಟು ವೇಗವಾದ ತಂತಿ ಯಾವ ಕಾಲದಲ್ಲೂ ಇಲ್ಲ. ಕಾಳಗ ಶುರುವಾಗಿ ನಾಲ್ಕು ದವಡೆ ಒಡೆಯುವಷ್ಟರಲ್ಲಿ ಎರಡೂ ಊರು ಒಟ್ಟಿಗೆ ಮರುಹುಟ್ಟಿಗೆ ಬಿದ್ದವು. ಗೇಟಿನಲ್ಲಿ ಎತ್ತಿದ ಮುಷ್ಟಿ ಎತ್ತಿದಂತೆಯೇ ನಿಂತವು. ಒಬ್ಬರ ಕೊರಳಲ್ಲಿ ಇನ್ನೊಬ್ಬರ ಉಕ್ಕಿನ ಕೈ ಸಿಕ್ಕಿಕೊಂಡು, ಇಬ್ಬರೂ ಮುಖ ಮುಖ ನೋಡುತ್ತ ಕೆಮ್ಮುತ್ತಿದ್ದಾರೆ. ಸ್ವಂತ ಕೈಗಳಿರುವ ಬಡಪಾಯಿಗಳು ಮಾತ್ರ ಕಲ್ಲಿನಿಂದ ಕೆಲಸ ಮುಂದುವರಿಸಿದ್ದಾರೆ. ಇಲ್ಲಿ ಕತ್ತರಿ ಯಂತ್ರದ ಅಲಗು ಅಣ್ಣನ ತೋಳಿಗೆ ಒಂದು ಬೆರಳು ಮೇಲೆ ನಿಂತಿತು. ನಾನು ನೆರೆದವರಿಗೆ ತಲೆಬಾಗಿ ವಂದಿಸಿ, "ನಡಿ ಅಣ್ಣಾ, ಓಡು" ಎಂದೆ.

ಅಣ್ಣ ಅಲ್ಲಾಡಲಿಲ್ಲ. ಗುಟ್ಟನ್ನು ನಾನು ಅವನಿಗೆ ಹೇಳಿರಲಿಲ್ಲ, ಏಕೆಂದರೆ ಅವನು ಕೇಳಿದ್ದನ್ನೆಲ್ಲ ಮಿರ್ಚಿಯ ಜೊತೆಗೇ ಬಡಿಸಿಬಿಡುತ್ತಾನೆ. ಹಾಗಾಗಿ ಅವನೂ ಸುದ್ದಿಯನ್ನು ನಂಬಿದ್ದ. "ಹೊಸಾದು ಬಂದೈತಂತಲ್ಲ ಪಕ್ಕಿ. ಕಡಿಯೂದ್ರಾಗ ಒಮ್ಮಿ ನೋಡೂಣು ಅಂತ ಹಾಕಿದ್ನಿ" ಎಂದ. ಸಿಟ್ಟಿನಲ್ಲಿ ಯಂತ್ರದ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ ಅವನ ಉಕ್ಕಿನ ಮುಷ್ಟಿ, ಹಿಡಿದಂತೆಯೇ ಸತ್ತುಹೋಗಿದೆ.

ಈಗ ನನ್ನ ಕಣ್ಣ ಮುಂದೆ ಎರಡು ಬೆಳಕಿನ ಪಟ್ಟಿಗಳಿವೆ. ಕೈಯದು ಮೊದಲು ತುಂಬಿದರೆ ಅಣ್ಣ ಮುಷ್ಟಿ ಬಿಚ್ಚಿ ತೋಳು ಎಳೆದುಕೊಳ್ಳುತ್ತಾನೆ. ಯಂತ್ರದ್ದು ಮೊದಲು ತುಂಬಿದರೆ ಅಲಗು ಇಳಿಯುತ್ತದೆ. ಸಂದೂಕದ ಪಟ್ಟಿ ಬೆಣ್ಣೆಯ ಮೇಲೆ ಜಾರಿದಂತೆ ಸಾಗುತ್ತಿದೆ. ಮಗ್ಗದ್ದು ಎಳೆಗೊಮ್ಮೆ ನಿಂತು, ಕಿರುಬೆರಳಿನ ಹಳೆಯ ಅಭ್ಯಾಸಗಳನ್ನು ಉಳಿಸಲೇ ಅಳಿಸಲೇ ಎಂದು ಕೇಳುತ್ತಿದೆ. ಅಣ್ಣ ಬೆವರುತ್ತ ಎಲ್ಲಕ್ಕೂ ವಿನಯದಿಂದ ಉತ್ತರ ಕೊಡುತ್ತಿದ್ದಾನೆ. ಪಂಚರ ಹಿರಿಯ ಅಂದಾನಪ್ಪ ಕಾಕಾ, ಉಕ್ಕಿನ ಕಾಲು ಮಡಚಿ ಕೂರಲು ಹೋದವರು ಅರ್ಧಕ್ಕೇ ನಿಂತು, "ನಮ್ಮದ ಮುಂದೈತಿ ನೋಡ್ರಲೇ!" ಎಂದು ಕೂಗಿದರು. ಅಣ್ಣ ಅವರತ್ತ ನೋಡಿದ. ಕಾಕಾ ಗಂಟಲು ಸರಿಮಾಡಿಕೊಂಡು, "ತಂಗೀ, ನಿಂದರಸಾಕ ಬರೂದಿಲ್ಲೇನ ಇದನ್ನ?" ಎಂದರು. ಬರುವುದಿಲ್ಲ. ದಯವಿಟ್ಟು ಆರಿಸಬೇಡಿ ಎಂದು ಎರಡೂ ಪಟ್ಟಿಗಳ ಮೇಲೆ ಬರೆದಿದೆ. ಸುತ್ತಿಗೆಯಿಂದ ಮುಷ್ಟಿಗೆ ಬಡಿದೆವು, ಸುತ್ತಿಗೆಯ ಹಿಡಿ ಮುರಿಯಿತು. ಅಲಗಿಗೆ ಹಾರೆ ಕೊಟ್ಟೆವು, ಇದ್ದ ಭಾರಕ್ಕೇ ಹಾರೆ ಬಾಗಿತು.

ಉಳಿದದ್ದು ಒಂದೇ ದಾರಿ. ಮಣಿಕಟ್ಟಿನ ಒಂದು ಸ್ಕ್ರೂ ಬಿಚ್ಚಿದರೆ ಉಕ್ಕಿನ ಕೈ ಕಂಬಿಯಲ್ಲೇ ಉಳಿದು, ಅಣ್ಣನ ತೋಳು ಹೊರಬರುತ್ತದೆ. ಮಗ್ಗದ ಸ್ಕ್ರೂವಿನ ತಲೆಗೆ ಮೂರು ಮೂಲೆ, ಗದಗಿನ ಸ್ಕ್ರೂಡ್ರೈವರ್‌ಗೆ ಐದು. ಒಬ್ಬರದನ್ನು ಇನ್ನೊಬ್ಬರು ಬಿಚ್ಚಬಾರದೆಂದೇ ಹಾಗೆ ಮಾಡಿದ್ದು. ಬೆಟಗೇರಿಯಿಂದ ಒಂದನ್ನು ತರಲು ಓಡಿದ ಚಿಕ್ಕಪ್ಪ, ಅಂಗೈಯಲ್ಲಿ ತನ್ನದೇ ನಾಲ್ಕು ಹಲ್ಲು ಹಿಡಿದುಕೊಂಡು ಬಂದು ಕುಳಿತಿದ್ದಾನೆ.

ಆದ್ದರಿಂದ, ಮಾನ್ಯರೇ, ಈ ಸ್ಕ್ರೂ ಶುರುವಾದದ್ದು ತಮ್ಮ ಕಾಲದಲ್ಲಿ. ಯಾವ ಒಡೆಯ ಮೇಲೆಂದು ತಾವು ಚಹಾದಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಚ್ಚಾಡಿ, ನನ್ನ ಅಭ್ಯಂತರವಿಲ್ಲ. ಹೊಳೆಯುವುದು ಬೇಕಾದವರು ಅದನ್ನು ಕೊಳ್ಳಿ, ಬಿಚ್ಚುವುದು ಬೇಕಾದವರು ಬಿಚ್ಚಿ ಸಾಯಿರಿ. ಸ್ಕ್ರೂವಿನ ತಲೆ ಒಂದೇ ಇರಲಿ ಎಂದು ಇಬ್ಬರೂ ಒಪ್ಪಿಬಿಡಿ, ಅಷ್ಟೇ. ತಾವು ಅಲ್ಲಿ ತಿದ್ದಿದರೆ ಇಲ್ಲಿ ಅದೇ ಗಳಿಗೆಯಲ್ಲಿ ತಿದ್ದಿಕೊಳ್ಳುತ್ತದೆ, ಹಿಂದಂಚೆಯ ಸ್ವಭಾವವೇ ಅದು. ಅದಕ್ಕೇ ಎಡಗೈಯಲ್ಲಿ ನಮ್ಮ ಸ್ಕ್ರೂಡ್ರೈವರನ್ನು ಸ್ಕ್ರೂವಿನ ಮೇಲೆ ಒತ್ತಿ ಹಿಡಿದು, ಬಲಗೈಯಲ್ಲಿ ಬರೆಯುತ್ತಿದ್ದೇನೆ.

ಮೊನೆ ಸ್ಕ್ರೂವಿಗೆ ಕೂಡಲಿಲ್ಲ. ತಾವಿನ್ನೂ ಏನೂ ಮಾಡಿಲ್ಲ.

ಸಂದೂಕದ ಪಟ್ಟಿಯಲ್ಲಿ ಇನ್ನು ಎರಡು ಬೆರಳು ಬಾಕಿ. ಅಣ್ಣ, "ಮುಖ ಆ ಕಡೆ ಮಾಡ ಪಕ್ಕಿ" ಎನ್ನುತ್ತಿದ್ದಾನೆ. ಮಾಡುವುದಿಲ್ಲ. ಏಳಿ ಪೂರ್ವಜರೇ, ಓದಿ ನಗುತ್ತ ಕೂರಬೇಡಿ, ನಾನು ಈಗ ತಮಾಷೆ ಮಾಡುತ್ತಿಲ್ಲ.

ತಡೆಯಿರಿ. ಮೊನೆ ಅರ್ಧ ಒಳಗೆ ಇಳಿದಿದೆ. ತಿರುಗಿಸಿದರೆ ಜಾರುತ್ತದೆ, ಆದರೆ ಇಳಿದಿದೆ. ನಿಮ್ಮಲ್ಲಿ ಯಾರೋ ಒಬ್ಬರು ಒಪ್ಪಿದ್ದೀರಿ. ಒಪ್ಪದ ಇನ್ನೊಬ್ಬರು ಅಲ್ಲೇ ಎಲ್ಲೋ ಹತ್ತಿರದಲ್ಲಿ ಕೂತಿದ್ದಾರೆ, ಹೋಗಿ ಅವರ ಕೊರಳಪಟ್ಟಿ ಹಿಡಿಯಿರಿ. ನನಗಿನ್ನು ಎರಡೂ ಕೈ ಬೇಕು. ಬರೆಯುವುದನ್ನು ನಿಲ್ಲಿಸುತ್ತೇನೆ.